ಸಾವಿರದೆಂಟುನೂರಾ ಹನ್ನೆರಡನೇ ಕಿಂಡಿ

ಬಾಗಲಕೋಟಿ ನವನಗರ, ಸೆಕ್ಟರ್ ನಲವತ್ತೇಳು,
ನರ್ಸಿಂಗ್ ಹುಡಿಗ್ಯಾರ ಹಾಸ್ಟೆಲ್.
ನೀರಿನ ಫಿಲ್ಟರ್ ಮ್ಯಾಲ ಸ್ಕೆಚ್ ಪೆನ್ನಿನಿಂದ ಬರದ ಪಾಸ್‌ವರ್ಡು
ಮೂರು ವರ್ಷದಿಂದ ಅಲ್ಲೇ ಐತಿ.
ಎದುರಿನ ಜೆರಾಕ್ಸ್ ಅಂಗಡಿಯವಗೂ ಗೊತ್ತು,
ಹಾಲಿನ ಹುಡುಗಗೂ ಗೊತ್ತು,
ಸಂಜೀಗೆ ಕಾಂಪೌಂಡಿಗೆ ಬೈಕು ಆನಿಸಿ ನಿಲ್ಲೋ
ಯಾರ್ಯಾರಿಗೋ ಗೊತ್ತು.
ಅದಕ ಪ್ರಿನ್ಸಿಪಾಲರು ನನ್ನ ಕರೆಸ್ಯಾರ:
'ನದಾಫ್, ಇನ್ನ ಮ್ಯಾಲ ಒಬ್ಬೊಬ್ಬರಿಗೂ ಅವರವರ ಹೆಸರು.
ಯಾರು ಬಂದ್ರು, ಯಾವಾಗ ಹೋದ್ರು,
ಎಲ್ಲಾ ಬರದಿಡಬೇಕು ಅದು.'

ಏಣಿ ಹಾಕಿ ರೂಟರಿನ ಧೂಳು ಒರಸಿದೆ.
ಪಾಪ, ಇದು ಬರೇ ಬಾಗಿಲಾ ಕಾಯೋದು.
ಯಾರ ಮುಖಾನೂ ನೆನಪಿಡೂದುಲ್ಲ.
ಬಂದವರ ಚೀಟಿ ಇಸಕೊಂಡು
ಸ್ಟೋರ್ ರೂಮಿನಾಗ ಜೋಳದ ಚೀಲದ ಬಾಜೂಕ ಕುಂತ
ಹಳೇ ಸಿಪಿಯು ಕೈಗೆ ಕೊಡತೈತಿ,
ಸಾವಿರದೆಂಟುನೂರಾ ಹನ್ನೆರಡನೇ ಕಿಂಡಿಯಿಂದ.
ಒಳಗಿನವರು ಪಟ್ಟಿ ನೋಡಿ ಹೂಂ ಅಂದ್ರ ಹೂಂ,
ಊಹೂಂ ಅಂದ್ರ ಊಹೂಂ.

ಅವೆರಡರ ನಡುವ ಒಂದು ಗುಟ್ಟು ಬೇಕು.
ಇಲ್ಲಿ ಬರದದ್ದು, ಅಲ್ಲಿ ಬರದದ್ದು
ಅಕ್ಷರಕ್ಕ ಅಕ್ಷರ ಒಂದಾಗಬೇಕು.
ಬರದೆ. ಉಳಿಸಿದೆ. ರೀಬೂಟ್ ಮಾಡಿದೆ.
ಅಡಿಗಿಮನ್ಯಾಗ ಬ್ಯಾಳಿ ಎರಡು ಸೀಟಿ ಹೊಡೀತು.
ಉತ್ತರ ಇಲ್ಲ.

ಬೈದಿದ್ರ ಚಲೋ ಇತ್ತು.
ಬೈಯೂದುಲ್ಲ ಈ ರೇಡಿಯಸ್ಸು.
ಗುರುತಿಲ್ಲದವರ ಕೂಡ ಜಗಳಾನೂ ಆಡೂದುಲ್ಲ.
ಕರಿ ಪರದೆ ಮ್ಯಾಲ ತನ್ನಷ್ಟಕ್ಕ ತಾನ ಗೊಣಗತೈತಿ:
ಪರಿಚಯ ಇಲ್ಲದ ಗಿರಾಕಿ, ಬಿಟ್ಟುಬಿಟ್ಟೆ.

ನೋಡಿದ್ರ, ರೂಟರಿನ ವಿಳಾಸದ ಕಡೀ ಅಂಕಿ ನಾನ ತಪ್ಪು ಹೊಡದಿದ್ದೆ,
ಇಪ್ಪತ್ತರ ಬದಲಿ ಇಪ್ಪತ್ತೊಂದು.
ತಿದ್ದಿದೆ. ಮತ್ತೂ ಸುಮ್ಮನ.
ಗುಟ್ಟಿನ ಬಾಲಕ್ಕ ಒಂದು ಖಾಲಿ ಜಾಗ ಅಂಟಿಕೊಂಡಿತ್ತು,
ಕಣ್ಣಿಗೆ ಕಾಣದ್ದು. ಅಳಿಸಿದೆ.
ಹೂಂ ಅಂತು.

ಪಟ್ಟಿಯೊಳಗ ಎಂಬತ್ತಾರು ಹುಡಿಗ್ಯಾರು, ನಾಕು ಮಂದಿ ಸ್ಟಾಫು.
ಭೀಮಾಂಬಿಕಾ ಗದ್ದನಕೇರಿ ಒಳಗ ಹೋದ್ಳು.
ಪರ್ವೀನ್ ಬಾಗವಾನಳ ಫೋನು ತಕರಾರು ತಗೀತು,
'ಈ ಪ್ರಮಾಣಪತ್ರ ನಂಬಬೇಕೋ?'
ಆಕಿ ಫೋನು ಬಿಟ್ಟು ನನ್ನ ಮುಖಾ ನೋಡಿದ್ಳು:
'ನಂಬಲೇನ್ರಿ ಅಣ್ಣಾ?'

ಅಷ್ಟರಾಗ ತಂಗೆವ್ವ ಬಂದ್ಳು,
ಮೊಣಕೈ ತನಕಾ ಹಿಟ್ಟು, ಬಿರುಕುಬಿಟ್ಟ ಫೋನು.
'ನಂದು ನಿಂತೇ ಹೋತಲ್ಲೋ ಯಪ್ಪಾ.'
ಅಕ್ಷರ ಬರದಾಕಿ, ಹಳೇ ಪಾಸ್‌ವರ್ಡನ್ನ
ರಂಗೋಲಿ ಕಲಿತಂಗ ಕಲಿತಿದ್ಳು:
ಒಂದು ಕುಡಗೋಲು, ಎರಡು ಬಳಿ, ಒಂದು ಮೊಳಿ.

ಪಟ್ಟಿ ಮ್ಯಾಲಿಂದ ಕೆಳಗ ನೋಡಿದೆ, ಕೆಳಗಿಂದ ಮ್ಯಾಲ.
ಕಾಂಟ್ರಾಕ್ಟಿನವರು ಲೆಕ್ಕಕ್ಕಿಲ್ಲ.
'ಇರೂದುಲ್ಲ ಬಿಡು,' ಅಂದ್ಳು, ಸಿಟ್ಟಿಲ್ಲದ.
'ಹಳೇ ಊರಿಗೆ ಹಿನ್ನೀರು ಬರೂ ಮುಂದ
ಮನಿ ಮನಿ ಗ್ವಾಡಿಗೆ ನಂಬರ್ ಬರದು ಹೋದ್ರು.
ನಾವಿದ್ದದ್ದು ಇನ್ನೊಬ್ಬರ ಅಟ್ಟದ ಮ್ಯಾಲ.
ಅಟ್ಟಕ್ಕ ನಂಬರ್ ಇರೂದುಲ್ಲಂತ.
ನೀರಿಗೆ ಮಾತ್ರ ಅಟ್ಟ ಕಾಣಿಸ್ತು.'

ಪ್ರಿನ್ಸಿಪಾಲರ ಕೋಣಿ ಕಡೆ ನೋಡಿದೆ. ಕೀಲಿ ಹಾಕಿತ್ತು.
ತೊಂಬತ್ತೊಂದನೇ ಸಾಲು ಬರದೆ.
ಆಧಾರಿನಾಗ ಆಕಿ ಹೆಸರಿಗೆ ಒಂದು ಸ್ಪೆಲ್ಲಿಂಗು,
ರೇಶನ್ ಕಾರ್ಡಿನಾಗ ಇನ್ನೊಂದು.
ನಾ ಮಂದಿ ಕರೆಯೂದನ್ನ ಬರದೆ.
'ಗುಟ್ಟು ಏನಿಡ್ಲಿ ಯವ್ವಾ?'
ಬಗ್ಗಿ ಕಿವಿಯಾಗ ಹೇಳಿದ್ಳು.
ಕಿವಿಗೆ ಹಿಟ್ಟು ಹತ್ತಿತು.
ಆ ಮಾತು ಇಲ್ಲಿ ಬರಿಯೂದುಲ್ಲ.

ವಾರದ ಮ್ಯಾಲ ಲಾಗ್ ತಗದು ನೋಡಿದೆ.
ದಿನಾ ಮೂರೂವರಿಗೆ ಒಳಗ ಬರತಾಳ,
ನಾಕಕ್ಕ ಐದು ನಿಮಿಷ ಇರೂವಾಗ ಹೋಗತಾಳ.
ಐತವಾರ ಎರಡು ಸಲ.
ಏನು ನೋಡತಾಳ, ಯಾರ ಕೂಡ ಮಾತಾಡತಾಳ
ರೇಡಿಯಸ್ಸಿಗೆ ಗೊತ್ತಿಲ್ಲ.
ಅದರ ದಗದ ಬಾಗಿಲ ತನಕಾ.
ನಂದೂ.